ನನ್ನ ತಂಗಿಯ ಮಗಳು ಈಗ ಎಷ್ಟೆತ್ತರ?

ಮಕ್ಕಳ ರಕ್ಷಣಾ ಇಲಾಖೆಯ ಹಿರಿಯ ಅಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡಬೇಕೆಂಬುದು ಗೊತ್ತು. ಹಿಂದಿನ ಪತ್ರಗಳಲ್ಲಿ ಹಾಗೆಯೇ ಬರೆದಿದ್ದೆ, ಉತ್ತರ ಬರಲಿಲ್ಲ. ಮಾನ ತುಸು ಹೆಚ್ಚಾಯಿತೇನೋ ಎಂದು ಈ ಸಲ ಕಡಿಮೆ ಮಾಡಿದ್ದೇನೆ. ನಾಲ್ಕು ಜನ ಓದಲಿ ಎಂದು ಪತ್ರಿಕೆಗೂ ಕಳಿಸುತ್ತಿದ್ದೇನೆ. ದೂರು ಇಷ್ಟೇ: ನನ್ನ ತಂಗಿಯ ಮಗಳನ್ನು ನೀವು ಕಾಯಂ ಆಗಿ ಬೇರೆ ಮನೆಗೆ ಕೊಟ್ಟಿರಿ. ಮಗುವಿಗೆ ಮನೆ ಸಿಕ್ಕಿತು. ತಾಯಿಯನ್ನು ನಡುನೀರಿನಲ್ಲಿ ಕೈಬಿಟ್ಟಿರಿ.

ನನ್ನ ತಂಗಿಯದೇನೂ ತಪ್ಪಿಲ್ಲ ಎಂದು ವಾದಿಸಲು ಬಂದಿಲ್ಲ. ಕುಡಿಯುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ಲಂಗುಲಗಾಮಿಲ್ಲದೆ ಕುಡಿದಳು. ಒಂದು ಸಂಜೆ ಮಗು ಚಿಲಕ ಹಾಕಿದ ಬಾಗಿಲ ಹೊರಗೆ ಬರಿಗಾಲಲ್ಲಿ ಕೂತಿತ್ತು. ಒಳಗೆ ಇವಳಿಗೆ ಮೈಮೇಲೆ ಪ್ರಜ್ಞೆಯಿರಲಿಲ್ಲ. ನ್ಯಾಯಾಧೀಶರ ಜಾಗದಲ್ಲಿ ನಾನಿದ್ದರೂ ಅದೇ ತೀರ್ಪು ಕೊಡುತ್ತಿದ್ದೆನೋ ಏನೋ. ದೊಡ್ಡಮ್ಮ ನಾನಿದ್ದೇನಲ್ಲ, ನನಗೆ ಕೊಡಿ ಎಂದು ಕೇಳಿದೆ. ನಿಮ್ಮವರು ನಮ್ಮ ಟೈಲರಿಂಗ್ ಅಂಗಡಿಯನ್ನೂ ಅದರ ಹಿಂದಿನ ಕೋಣೆಯನ್ನೂ ನೋಡಿ, ಸೂಜಿ, ಕತ್ತರಿ, ಇಸ್ತ್ರಿಪೆಟ್ಟಿಗೆ ಇರುವ ಜಾಗ ಮಗುವಿಗೆ ಅಪಾಯಕರ ಎಂದರು. ನಾನೂ ತಂಗಿಯೂ ಬೆಳೆದದ್ದು ಅದೇ ಕೋಣೆಯಲ್ಲಿ. ಅವಳ ಪಾಡು ನೋಡಿದರೆ ನಿಮ್ಮ ಮಾತಿನಲ್ಲೂ ಹುರುಳಿದೆ ಅನ್ನಿ.

ಆದರೆ ಪ್ರಕರಣ ನಡೆಯುವಾಗ ನಿಮಗೆ ನಮ್ಮ ಮೇಲೆ ಎಂಥ ಪ್ರೀತಿ! ಒಬ್ಬರು ಫ್ರಿಜ್ ತೆರೆದು ಹಾಲು ಮೂಸಿದರು. ಒಬ್ಬರು ಮಂಚದ ಕೆಳಗೆ ಟಾರ್ಚ್ ಬಿಟ್ಟರು. ಸಮಾಲೋಚಕರೊಬ್ಬರು ಬಂದು, ಸಿಟ್ಟು ಬಂದಾಗ ಉಸಿರು ಹೇಗೆ ಎಳೆದುಕೊಳ್ಳಬೇಕೆಂದು ಹೇಳಿಕೊಟ್ಟರು. ಈ ಪತ್ರ ಬರೆಯುವಾಗ ಆ ಪಾಠ ನನಗೆ ಬಹಳ ಉಪಯೋಗಕ್ಕೆ ಬರುತ್ತಿದೆ. ತೀರ್ಪು ಬಂದದ್ದೇ ತಡ, ನಿಮ್ಮವರಿಗೆ ನಮ್ಮ ಬೀದಿಯ ದಾರಿಯೇ ಮರೆತುಹೋಯಿತು. ತಂಗಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನಾನು ನಿಮ್ಮ ಕಚೇರಿಗೆ ಓಡಿ, ಆ ಉಸಿರಿನವರನ್ನು ಒಮ್ಮೆ ಕಳಿಸಿಕೊಡಿ ಎಂದು ಕೇಳಿದೆ. ಕೌಂಟರಿನ ಹೆಣ್ಣುಮಗಳು ಒಳ್ಳೆಯವಳು, ಕೂರಲು ಕುರ್ಚಿ ಕೊಟ್ಟಳು.

"ಫೈಲ್ ಕ್ಲೋಸ್ ಆಗಿದೆ ಅಕ್ಕ," ಎಂದಳು. "ಮಗು ಇದ್ರೆ ತಾಯಿಗೂ ಸಹಾಯ ಕೊಡ್ತೀವಿ. ಈಗ ಮಗು ಇಲ್ವಲ್ಲ."

"ಅದಕ್ಕೇ ಅಲ್ವೇನಮ್ಮ ಅವಳಿಗೆ ಹೀಗಾಗಿರೋದು?"

"ನಿಜ ಅಕ್ಕ, ಆದ್ರೆ ರೂಲ್ಸ್ ಹಾಗಿದೆ. ಇನ್ನೊಂದು ಮಗು ಆದ್ರೆ ಹೇಳಿ, ಖಂಡಿತ ಬರ್ತಾರೆ."

ಅಂದರೆ ನನ್ನ ತಂಗಿಯ ಯೋಗಕ್ಷೇಮ ನೀವು ವಿಚಾರಿಸಬೇಕಾದರೆ ಅವಳು ಮತ್ತೆ ಬಸುರಿಯಾಗಬೇಕು! ಈ ನಿಯಮ ಮಾಡಿದ ಮಹಾನುಭಾವರು ನಿದ್ದೆಗಣ್ಣಲ್ಲಿ ಮಾಡಿದರೋ, ಎಚ್ಚರವಿದ್ದೇ ಮಾಡಿದರೋ? ಮಗುವನ್ನು ಕರೆದೊಯ್ದ ಮಾತ್ರಕ್ಕೆ ಹೆತ್ತದ್ದೂ ರದ್ದಾಗುತ್ತದೆಯೇ?

ಹೇಗೋ ಎದ್ದಳು. ಕುಡಿತ ಬಿಟ್ಟಳು, ಅಂಗಡಿಗೆ ಬಂದು ಮಿಷನ್ ಮುಂದೆ ಕೂತಳು. ಈಗ ನಮ್ಮ ಫ್ರಿಜ್ಜಿನಲ್ಲಿ ದಿನಾ ತಾಜಾ ಹಾಲಿರುತ್ತದೆ, ಮೂಸಲು ಜನವಿಲ್ಲ. ಮಕ್ಕಳ ಬಟ್ಟೆ ಹೊಲಿಯುತ್ತಾಳೆ, ಆದರೆ ಮಗುವೊಂದು ಅಂಗಡಿಯೊಳಗೆ ಬಂದರೆ ತಲೆ ಎತ್ತುವುದಿಲ್ಲ. "ಅಕ್ಕ, ಅಳತೆ ನೀನೇ ತಗೋ," ಎನ್ನುತ್ತಾಳೆ.

ವರ್ಷಕ್ಕೊಮ್ಮೆ, ಹುಟ್ಟಿದ ದಿನಕ್ಕೆ, ನಿಮ್ಮ ಕಚೇರಿಯ ಮೂಲಕ ಒಂದು ಉಡುಗೊರೆ ಕಳಿಸಬಹುದು ಎಂದು ತೀರ್ಪಿನಲ್ಲೇ ಇದೆ. ಈ ಸಲ ಹಳದಿ ಫ್ರಾಕ್ ಹೊಲಿಯುತ್ತೇನೆ ಎಂದಳು. ಅಳತೆ? ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಮಗುವಿನ ಎತ್ತರ ಗೌಪ್ಯ ಮಾಹಿತಿ ಎಂದರು. ಪಾಪ, ಶತ್ರುಗಳ ಕೈಗೆ ಸಿಕ್ಕಿದರೆ ದೇಶದ ಗತಿಯೇನು! ಕೊನೆಗೆ ಎದುರುಮನೆಯ ಮೇಷ್ಟ್ರ ಮಗಳನ್ನು, ಅದೇ ವಯಸ್ಸಿನವಳು, ಅಂಗಡಿಗೆ ಕರೆದು ನಿಲ್ಲಿಸಿಕೊಂಡೆವು. ಅಂದು ತಂಗಿಯೇ ಟೇಪು ಹಿಡಿದಳು. ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ನಾವು ಒಳಗೆ ಒಂದಿಷ್ಟು ಮಡಿಸಿಟ್ಟು ಹೊಲಿಯುತ್ತೇವೆ, ಬಿಚ್ಚಿದರೆ ದೊಡ್ಡದಾಗುತ್ತದೆ. ಇವಳು ಎಷ್ಟು ಮಡಿಸಿದ್ದಳೆಂದರೆ ಒಳಗೆ ಇನ್ನೊಂದು ಫ್ರಾಕೇ ಅಡಗಿ ಕೂತಂತಿತ್ತು. ಬಿಚ್ಚಿಕೊಳ್ಳಿ ಎಂದು ನಾವು ಪಿನ್ನು ಚುಚ್ಚಿದ್ದ ಚೀಟಿಯನ್ನು ನಿಮ್ಮವರು ಕಿತ್ತರಂತೆ, ಪತ್ರವ್ಯವಹಾರಕ್ಕೆ ಅನುಮತಿಯಿಲ್ಲವಂತೆ.

ಸ್ವಲ್ಪ ದಿನಕ್ಕೆ ಪೊಟ್ಟಣ ವಾಪಸು ಬಂತು: ಅಳತೆ ಹೊಂದಿಕೆಯಾಗಿಲ್ಲ. ದೊಡ್ಡದಾಯಿತೋ, ಚಿಕ್ಕದಾಯಿತೋ? ಫೋನ್ ಮಾಡಿದರೆ ಅದೂ ಗೌಪ್ಯ. ನಾನು ನಿಮ್ಮನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ತಂಗಿ ಫ್ರಾಕನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೂ ಹೊರಗೂ ತಿರುಗಿಸಿ ನೋಡುತ್ತಿದ್ದಳು.

"ಅಕ್ಕ, ಕಂಕುಳ ಹತ್ರ ಹೊಲಿಗೆ ಬಿಟ್ಟಿದೆ ನೋಡು," ಎಂದಳು. "ಹಾಕ್ಕೊಂಡು ನೋಡಿದ್ದಾಳೆ ಕಣೇ. ಬಿಗಿಯಾಗಿದೆ. ಚೆನ್ನಾಗಿ ಬೆಳ್ದಿದ್ದಾಳೆ!"

ಆಮೇಲೆ ಅತ್ತಳು. ಮಗಳನ್ನು ಕರೆದೊಯ್ದ ಮೇಲೆ ಅವಳು ಕುಡಿಯದೆ ಅತ್ತದ್ದು ಅದೇ ಮೊದಲು. ನಾನೂ ಅತ್ತೆ, ಮುಚ್ಚಿಡುವುದೇನು. ಆ ಹೊಲಿಗೆಯನ್ನು ಅವಳು ಇನ್ನೂ ಹಾಕಿಲ್ಲ, ನನ್ನನ್ನೂ ಮುಟ್ಟಗೊಡುವುದಿಲ್ಲ.

ಹುಡುಗಿಯನ್ನು ವಾಪಸು ಕೊಡಿ ಎಂದು ಕೇಳುತ್ತಿಲ್ಲ. ಆ ಮನೆಯವರು ಒಳ್ಳೆಯವರೇ ಇರಬೇಕು. ಹೊಟ್ಟೆತುಂಬ ಊಟ ಹಾಕುತ್ತಾರೆಂಬುದಕ್ಕೆ ಆ ಕಂಕುಳೇ ಸಾಕ್ಷಿ. ನಾನು ಕೇಳುವುದು, ಮಗುವನ್ನು ಕಳೆದುಕೊಂಡ ಮನೆಗೂ ಒಬ್ಬರನ್ನು ಕಳಿಸಿ. ಫ್ರಿಜ್ ತೆರೆಯುವುದು ಬೇಡ. ಹೇಗಿದ್ದೀಯಮ್ಮ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಎದುರಿಗೆ ಕೂತಿದ್ದರೆ ಸಾಕು. ಇವಳೊಬ್ಬಳೇ ಅಲ್ಲ, ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಮುಖ ಮುಚ್ಚಿಕೊಂಡು ಕೂತ ತಾಯಂದಿರನ್ನು ನಾನೇ ಕಂಡಿದ್ದೇನೆ. ಸಂಜೆಯಾದರೆ ಬೀಗ ಬೀಳುವ ನಿಮ್ಮ ಸಭಾಂಗಣವನ್ನು ವಾರಕ್ಕೊಮ್ಮೆ ಅವರಿಗೆ ಬಿಟ್ಟುಕೊಡಿ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಳುವುದಾದರೂ ಅಳಲಿ.

ನಿಮಗೆ ಕಳಿಸುವ ಪ್ರತಿಯ ಜೊತೆ ನಮ್ಮ ಅಂಗಡಿಯ ಒಂದು ಟೇಪು ಇಟ್ಟಿದ್ದೇನೆ. ಮುಂದಿನ ಸಲ ನಿಮ್ಮವರು ಆ ಮನೆಗೆ ಹೋದಾಗ ಹುಡುಗಿಯನ್ನು ನೆಟ್ಟಗೆ ನಿಲ್ಲಿಸಿ, ಭುಜದಿಂದ ಮೊಣಕಾಲಿನವರೆಗೆ ಹಿಡಿದು ನೋಡಲಿ. ಊರು ಬೇಡ, ವಿಳಾಸ ಬೇಡ, ಹೆಸರು ಬದಲಾಗಿದ್ದರೆ ಅದೂ ಬೇಡ. ಎಷ್ಟು ಇಂಚು ಎಂದಷ್ಟೇ ತಿಳಿಸಿ. ತಂಗಿ ಆಗಲೇ ಬಟ್ಟೆ ತಂದಿಟ್ಟಿದ್ದಾಳೆ, ಕತ್ತರಿ ಹಾಕದೆ ಕಾಯುತ್ತಿದ್ದಾಳೆ.

ಇಂತಿ,
ನಿಮ್ಮ ಫೈಲಿನಲ್ಲಿ ಈಗ ಯಾರಿಗೂ ಏನೂ ಆಗದ,
ಆದರೂ ಆ ಹುಡುಗಿಯ ದೊಡ್ಡಮ್ಮ