ಬಲಗಿವಿಯ ಕೊಳಲು

ರಾಯಬಾಗ
ರವಿವಾರ, 9 ನವೆಂಬರ್ 2025

ಹೀನಾನ ಅಬ್ಬಾ ಅವರಿಗೆ ಯಾಸ್ಮಿನಳ ಸಲಾಮು.

ಮೂರು ಹಾಳೆ ಹರಿದು ಹಾಕಿದ್ದೇನೆ, ಇದು ನಾಲ್ಕನೆಯದು. ಮೊದಲ ಸಾಲಿಗೇ ಕೈ ನಿಲ್ಲುತ್ತಿತ್ತು. ಹನ್ನೊಂದು ವರ್ಷದ ಸಂಸಾರದಲ್ಲಿ ನಿಮ್ಮ ಹೆಸರು ಹಿಡಿದು ಕರೆದವಳಲ್ಲ ನಾನು. ಹೀನಾ ಹುಟ್ಟುವ ತನಕ ‘ಏನ್ರಿ’, ಹುಟ್ಟಿದ ಮೇಲೆ ‘ಹೀನಾನ ಅಬ್ಬಾ’. ಈಗ ಅವಳೇ ಇಲ್ಲ, ಏನೆಂದು ಕರೆಯಲಿ? ‘ಬಿಲಾಲ’ ಎಂದು ಬರೆದು ನೋಡಿದೆ, ಯಾರೋ ಗಿರಾಕಿ ಬರೆದಂತೆ ಕಂಡಿತು. ಅದಕ್ಕೇ ಹಳೆಯದನ್ನೇ ಬರೆದಿದ್ದೇನೆ. ನೋವಾದರೆ ಮಾಫ್ ಮಾಡಿ.

ನೀವು ಫೋನ್ ಎತ್ತುವುದಿಲ್ಲ. ಎತ್ತುವುದು ಇರಲಿ, ಮೊಬೈಲನ್ನು ಕೈಯಲ್ಲೇ ಹಿಡಿಯುವುದಿಲ್ಲ ಎಂದು ನಿಮ್ಮನ್ನು ನೋಡಿ ಬಂದ ಜಮಾಲಸಾಬ ಮಾಮಾ ಹೇಳಿದರು. ಹದಿನೈದು ವರ್ಷ ಮೊಬೈಲ್ ಬಿಚ್ಚಿ ಜೋಡಿಸಿದವರು ಈಗ ನಿಪ್ಪಾಣಿಯಲ್ಲಿ ತಂಬಾಕಿನ ಚೀಲ ಹೊರುತ್ತಿದ್ದೀರಂತೆ. ಅದಕ್ಕೇ ಪತ್ರ. ಪಕ್ಕದ ಮನೆಯ ಅಕ್ಕುತಾಯಿ ನಿಪ್ಪಾಣಿಗೆ, ಮಗಳ ಮನೆಗೆ ಹೊರಟಿದ್ದಾಳೆ, ನಿಮ್ಮ ಕೈಯಲ್ಲೇ ಕೊಡಬೇಕು, ಬೇರೆ ಯಾರಿಗೂ ಅಲ್ಲ ಎಂದು ಹೇಳಿ ಕೊಟ್ಟಿದ್ದೇನೆ.

ಬರುವ ಶುಕ್ರವಾರ ಜುಮ್ಮಾ ಆದ ಮೇಲೆ ಹಿರಿಯರು ನಮ್ಮಿಬ್ಬರ ವಿಷಯಕ್ಕೆ ಕೂಡುತ್ತಾರೆ, ನಿಮಗೂ ಸುದ್ದಿ ಬಂದಿರಬೇಕು. ನಮ್ಮ ಅಮೀರಣ್ಣ ಒಂದು ಕಾಗದ ಬರೆಸಿದ್ದಾನೆ. ಮಗಳ ಕಿವಿ ಹೋಗುತ್ತಿದ್ದರೂ ತಂದೆಯಾದವನು ಇಯರ್‌ಫೋನ್ ಬದಲಿಸುತ್ತ ಕೂತ, ಆಸ್ಪತ್ರೆಗೆ ಒಯ್ಯಲಿಲ್ಲ, ಅವನ ಬೇಪರ್ವಾಯಿಯಿಂದ ಹುಡುಗಿ ಸತ್ತಳು, ಇಂಥವನ ಜೊತೆ ತಂಗಿ ಬಾಳುವುದಿಲ್ಲ, ಹೀಗಿದೆ ಆ ಕಾಗದ. ಕೆಳಗೆ ಸಹಿ ನನ್ನದು. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ನಾನೇ ಹಾಕಿದೆ.

ಆ ಕಾಗದ ಸುಳ್ಳು. ನಿಜ ಏನೆಂದು ಇಲ್ಲಿ ಬರೆಯುತ್ತೇನೆ, ಶುಕ್ರವಾರ ಇದನ್ನು ಎಲ್ಲರೆದುರು ಓದಿಸಿ. ಹಿರಿಯರಿಗೆ ಮೊಬೈಲ್ ಆಟ ಎಂದರೆ ಬರೀ ಢಂ ಢಂ ಗುಂಡು ಹಾರಿಸುವುದು, ಅವರಿಗೆ ತಿಳಿಯಲಿ ಎಂದು ನಿಮಗೆ ಗೊತ್ತಿದ್ದದ್ದನ್ನೂ ಮೊದಲಿನಿಂದ ಬರೆಯುತ್ತೇನೆ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ನೀವು ಅಂಗಡಿಯಿಂದ ಒಂದು ಹಳೆಯ ಮೊಬೈಲ್ ತಂದಿರಿ. ಯಾರೋ ಗಿರಾಕಿ ರಿಪೇರಿಗೆ ಕೊಟ್ಟು ತಿರುಗಿ ನೋಡಿರಲಿಲ್ಲ. ಅದರ ಸ್ಪೀಕರ್ ಒಡೆದಿತ್ತು, ಇಯರ್‌ಫೋನ್ ಹಾಕಿದರೆ ಮಾತ್ರ ಕೇಳುತ್ತಿತ್ತು. ಅದರಲ್ಲಿ ಒಂದು ಆಟವಿತ್ತು. ನಾವು ದೋಣಿ ಆಟ ಅನ್ನುತ್ತಿದ್ದೆವು. ಹೊಳೆ ಬಂದು ಊರು ಮುಳುಗಿದೆ, ಒಬ್ಬ ಹುಡುಗಿ ಅಜ್ಜನನ್ನೂ ಅವ್ವನನ್ನೂ ದೋಣಿಯಲ್ಲಿ ಕೂರಿಸಿಕೊಂಡು ಒಣ ನೆಲ ಹುಡುಕುತ್ತಾಳೆ. ಅಷ್ಟೇ ಆಟ. ಹೊಡಿ ಬಡಿ ಇಲ್ಲ, ಒಂದು ಮಾತೂ ಇಲ್ಲ. ಕೃಷ್ಣೆ ಬಂದಾಗ ಚಿಂಚಲಿಯ ಹೊಲಗಳು ಹೇಗೆ ಮುಳುಗಿದ್ದವೋ ಹಾಗೇ ಇತ್ತು ಆ ಚಿತ್ರ. ಹೀನಾ ಅದಕ್ಕೆ ಅಂಟಿಕೊಂಡಳು.

ನಾನು ಮೊದಮೊದಲು ಬೈದೆ. ಒಂದು ದಿನ ಅವಳು ಓಡಿ ಬಂದು, “ಅಮ್ಮಿ, ಇದನ್ನಷ್ಟ ಕೇಳ ಬಾ” ಎಂದು ಎರಡೂ ಕಿವಿಗೆ ತಾನೇ ಸಿಕ್ಕಿಸಿದಳು. ಅಜ್ಜನಿಗೆ ಡೋಲು, ಅವ್ವನಿಗೆ ಏಕತಾರಿಯಂಥ ತಂತಿ, ಇವೆರಡೂ ಎಡಗಿವಿಗೆ. ದೋಣಿಯ ಬಲಕ್ಕೆ ಕೂತು ಹುಟ್ಟು ಹಾಕುವ ಹುಡುಗಿಗೆ ಕೊಳಲು, ಅದು ಬಲಗಿವಿಗೆ. ಮೂರೂ ಕೂಡಿ ಒಂದೇ ಹಾಡು. ದೋಣಿ ನಡೆದಂತೆ ಹಾಡು ನಡೆಯುತ್ತಿತ್ತು, ಸೆಳವು ಹೆಚ್ಚಾದರೆ ಅದಕ್ಕೂ ಏದುಸಿರು ಬರುತ್ತಿತ್ತು. ಆಮೇಲೆ ಅಜ್ಜ ನೀರಿಗೆ ಬಿದ್ದ. ಚಿತ್ರದಲ್ಲಿ ಅಂಥದ್ದೇನೂ ತೋರಿಸಲಿಲ್ಲ, ದೋಣಿಯಲ್ಲಿ ಒಂದು ತಲೆ ಕಡಿಮೆಯಾಯಿತು, ಅಷ್ಟೇ. ಆದರೆ ಡೋಲು ನಿಂತಿತು.

ಹಾಡು ನಿಲ್ಲಲಿಲ್ಲ. ಡೋಲಿನ ಪೆಟ್ಟು ಬೀಳಬೇಕಾದ ಜಾಗಕ್ಕೆ ಬಂದಾಗ ತಂತಿ, ಕೊಳಲು ಎರಡೂ ಸುಮ್ಮನಾಗಿ ಆ ಜಾಗ ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದವು. ಪ್ರತಿ ಸುತ್ತಿಗೂ ಹಾಗೇ. “ಅಮ್ಮಿ, ಅಲ್ಲಿ ಅಜ್ಜ ಇದ್ದನಲಾ, ಅದಕ್ಕ ಅಲ್ಲಿ ಯಾರೂ ಕೂಡೂದಿಲ್ಲ” ಎಂದಳು ಹೀನಾ. ಒಂಬತ್ತು ವರ್ಷದ ಹುಡುಗಿ! ನನ್ನಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಅವರ ಊಟದ ತಾಟನ್ನು ಅಮ್ಮಿ ಎಷ್ಟೋ ದಿನ ತೊಳೆದು ಅದೇ ಜಾಗದಲ್ಲಿ ಇಡುತ್ತಿದ್ದಳು, ಆಗ ನನಗೆ ಅದು ಹುಚ್ಚುತನ ಅನ್ನಿಸಿತ್ತು. ಒಂದು ಮಕ್ಕಳ ಆಟದ ಬಾಜಾ ನನಗೆ ಅದನ್ನು ಅರ್ಥ ಮಾಡಿಸಿತು. ಅವತ್ತಿನಿಂದ ನಾನೂ ಆ ಆಟದವಳಾದೆ. ಸಂಜೆ ನಿಮಗೆ ಆ ಕಥೆ ಹೇಳಹೋದರೆ ನೀವು ನಕ್ಕಿರಿ, “ಮಿಕ್ಸರ್ ಪ್ಲಗ್ ಹಾಕಾಕ ಬರೂದಿಲ್ಲ, ಗೇಮ್ ಕಥಿ ಹೇಳಾಕತ್ಯಾಳ” ಎಂದಿರಿ. ಪ್ರೀತಿಯಿಂದಲೇ ಅಂದದ್ದು. ನನಗೆ ಚುಚ್ಚಿತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಎರಡು ವಾರಕ್ಕೆ ಹೀನಾ, “ಅಬ್ಬಾ, ಕೊಳಲ ಕೇಳವಲ್ದು” ಎಂದಳು. ಇಯರ್‌ಫೋನಿನ ಒಂದು ಬದಿ ಬಂದ್ ಬೀಳುವುದು ನಿಮ್ಮ ಅಂಗಡಿಗೆ ದಿನಕ್ಕೆ ಹತ್ತು ಸಲ ಬರುವ ರೋಗ. ಹೊಸದು ತಂದು ಕೊಟ್ಟಿರಿ. ಕೇಳಲಿಲ್ಲ. ನೀವೇ ಹಾಕಿಕೊಂಡು ಒಂದು ಹಾಡು ಹಚ್ಚಿ ನೋಡಿದಿರಿ, ಎರಡೂ ಬದಿ ಖಣಖಣ. ಮೊಬೈಲಿನ ತೂತು ಸ್ವಚ್ಛ ಮಾಡಿದಿರಿ, ಒಳಗಿನ ಸಾಮಾನು ಬದಲಿಸಿದಿರಿ. ಹುಡುಗಿ ಮತ್ತೆ ಅದೇ ಮಾತು. ಇಷ್ಟೂ ಅಮೀರಣ್ಣನ ಕಾಗದದಲ್ಲಿದೆ.

ಅದರಲ್ಲಿ ಇಲ್ಲದ್ದು ಇನ್ನು ಬರೆಯುತ್ತೇನೆ. ಒಂದು ಮಧ್ಯಾಹ್ನ ನೀವು ಊಟಕ್ಕೆ ಬಂದವರು ಕೈ ತೊಳೆಯದೆ ಅಡುಗೆ ಮನೆಯ ಬಾಗಿಲಲ್ಲಿ ನಿಂತಿರಿ. “ಮೊಬೈಲ್ ನೆಟ್ಟಗೈತಿ, ಇಯರ್‌ಫೋನೂ ನೆಟ್ಟಗೈತಿ. ಆ ಆಟದಾಗ ಕೊಳಲ ನಿಂದರೂದು ಐತೇನ? ಇಲ್ಲಂದ್ರ ಹುಡುಗೀನ ಸೋಮವಾರ ಮೀರಜಕ್ಕ ಒಯ್ದು ಕಿವಿ ತೋರಸೂಣು” ಎಂದಿರಿ. ಹೌದು, ನೀವು ಕೇಳಿದಿರಿ. ವಾರವನ್ನೂ ಹೇಳಿದಿರಿ.

ನಾನು, “ಐತಿ, ಕಥಿನ ಹಂಗ ಐತಿ. ಅಜ್ಜ ಹೋದಾಗ ಡೋಲ ನಿಂತಿತ್ತಲಾ, ಹಂಗ. ನಿಮಗೇನ ತಿಳೀತೈತಿ ಅದರಾಗ” ಎಂದೆ. ಆ ಜಾಗದ ತನಕ ನಾನು ಆಟ ಕೇಳಿಯೇ ಇರಲಿಲ್ಲ. ಹೀನಾ ಆವತ್ತು ಬೆಳಿಗ್ಗೆ ಕೂಡ, ಕೇಳಿ ನೋಡು ಎಂದು ಇಯರ್‌ಫೋನ್ ಹಿಡಿದುಕೊಂಡು ಬಂದಿದ್ದಳು, ಕೈ ಹಿಟ್ಟಾಗಿದೆ, ಆಮೇಲೆ ಎಂದಿದ್ದೆ. ಆದರೂ ನಿಮ್ಮೆದುರು ಎಲ್ಲ ಬಲ್ಲವಳಂತೆ ಹೇಳಿದೆ. ನೀವು ನಂಬಿದಿರಿ. ಜನ್ಮದಲ್ಲಿ ಒಮ್ಮೆ ಒಂದು ಮಶೀನಿನ ವಿಷಯದಲ್ಲಿ ನನ್ನ ಮಾತು ನಂಬಿ ಊಟಕ್ಕೆ ಕೂತಿರಿ. ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಎರಡು ರೊಟ್ಟಿ ಹೆಚ್ಚು ಬಡಿಸಿದೆ.

ಆಮೇಲಿನದು ನಿಮಗೆ ಗೊತ್ತು. ಕರೆದರೆ ಓಗೊಡುವುದಿಲ್ಲ, ಸೊಕ್ಕು ಬಂದಿದೆ ಎಂದು ನಾನು ಬೈದದ್ದು. ನಡೆಯುವಾಗ ಗೋಡೆ ಹಿಡಿಯತೊಡಗಿದ್ದು. ವಾಂತಿ. ಸೆಪ್ಟೆಂಬರಿನಲ್ಲಿ ಮೀರಜ. ಕಿವಿಯ ನರದ ಮೇಲೆ ಗಡ್ಡೆ, ಮೆದುಳಿನ ಬುಡಕ್ಕೆ ಒತ್ತಿದೆ ಎಂದರು. ಮೂರು ತಿಂಗಳು ಮೊದಲೇ ಬಂದಿದ್ದರೆ ಎಂದು ಡಾಕ್ಟರು ಮಾತನ್ನು ಅರ್ಧಕ್ಕೇ ಬಿಟ್ಟರು. ನೀವು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ, ಅದು ನನಗೆ ಗೊತ್ತಾಯಿತು. ಜನವರಿಯಲ್ಲಿ ಅವಳನ್ನು ಮಣ್ಣು ಮಾಡಿ ಬಂದ ದಿನ ಅಂಗಳ ತುಂಬ ಜನರೆದುರು ಅಮೀರಣ್ಣ, “ಊರ ಮಂದಿ ಮೊಬೈಲ್ ಆವಾಜ ಸರಿ ಮಾಡಾಂವಗ ಸ್ವಂತ ಮಗಳ ಕಿವಿ ತಿಳೀಲಿಲ್ಲೇನಲೇ” ಎಂದು ಕೂಗಾಡಿದ. ನಿಮ್ಮಮ್ಮಿ ತಾಜಬಿ ಕೂಡ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅದೇ ಮಾತು ಹೇಳಿ ಅತ್ತರು. ನೀವು ತಲೆ ಬಗ್ಗಿಸಿ ನಿಂತಿರಿ. ಒಂದೇ ಒಂದು ಮಾತು ಸಾಕಿತ್ತು, ನಾನು ಕೇಳಿದ್ದೆ, ಇವಳೇ ಬೇಡ ಎಂದಳು, ಅಷ್ಟು. ನೀವು ಹೇಳಲಿಲ್ಲ. ನಾನೂ ಹೇಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ನಲವತ್ತನೆಯ ದಿನದ ಫಾತಿಹಾ ಮುಗಿಸಿ ನೀವು ನಿಪ್ಪಾಣಿಗೆ ಹೋದಿರಿ. ಆ ಮೊಬೈಲ್ ಅವಳ ಪುಸ್ತಕದ ಚೀಲದಲ್ಲಿ ಉಳಿದಿತ್ತು. ಹೋದ ವಾರ ಅಮೀರಣ್ಣನ ಕಾಗದಕ್ಕೆ ಸಹಿ ಹಾಕಿ ಬಂದವಳು ಅದನ್ನು ಚಾರ್ಜಿಗೆ ಹಾಕಿದೆ. ಅವಳು ಬಿಟ್ಟ ಜಾಗದಲ್ಲೇ ದೋಣಿ ನಿಂತಿತ್ತು. ಇಯರ್‌ಫೋನ್ ಹಾಕಿಕೊಂಡೆ. ಕೊಳಲು ಇತ್ತು, ಹೀನಾನ ಅಬ್ಬಾ. ಬಲಗಿವಿಯಲ್ಲಿ, ಸ್ಪಷ್ಟವಾಗಿ, ತಂತಿಗಿಂತಲೂ ಗಟ್ಟಿಯಾಗಿ ಇತ್ತು. ಮೂರು ದಿನ ಕೂತು ಕೊನೆಯ ತನಕ ಆಡಿದೆ. ಅವ್ವನೂ ಹೋಗುತ್ತಾಳೆ, ತಂತಿಯೂ ನಿಲ್ಲುತ್ತದೆ. ಹುಡುಗಿ ಒಬ್ಬಳೇ ಒಣ ನೆಲ ಮುಟ್ಟುತ್ತಾಳೆ. ಆಗಲೂ ಕೊಳಲು ಅವರಿಬ್ಬರ ಜಾಗ ಬಿಟ್ಟುಬಿಟ್ಟು ನುಡಿಯುತ್ತದೆ. ಆ ಆಟದಲ್ಲಿ ಕೊಳಲು ಎಲ್ಲಿಯೂ ನಿಲ್ಲುವುದಿಲ್ಲ. ಕಥೆ ಹಾಗಿಲ್ಲ.

ಹಿರಿಯರಲ್ಲಿ ನನ್ನ ಅರಿಕೆ ಇಷ್ಟೇ. ಅಮೀರಣ್ಣನ ಕಾಗದದ ಮೇಲಿನ ನನ್ನ ಸಹಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ. ಹೀನಾನ ಅಬ್ಬಾ ಮಗಳನ್ನು ಆಸ್ಪತ್ರೆಗೆ ಒಯ್ಯಲು ಹೊರಟವರು, ತಡೆದವಳು ನಾನು. ಅವರು ನನ್ನನ್ನು ಬಿಡುವುದಾದರೆ ಬಿಡಲಿ, ನನ್ನ ತಕರಾರಿಲ್ಲ. ಆದರೆ ಅವರ ಹೆಸರಿಗೆ ಹಚ್ಚಿದ ಮಸಿ ಒರೆಸಬೇಕು.

ನಿಮಗೆ ಬೇರೆ ಏನು ಬರೆಯಲಿ? ಬನ್ನಿ ಎನ್ನುವ ಮುಖ ನನಗಿಲ್ಲ. ಈ ಮನೆಯಲ್ಲಿ ನಿಮಗೆ ಏನೂ ಉಳಿದಿಲ್ಲ, ನನಗೂ ಇಲ್ಲ. ಬೆಳಗಾಗುತ್ತದೆ, ಒಲೆ ಹಚ್ಚುತ್ತೇನೆ, ಯಾಕೆ ಹಚ್ಚಿದೆ ಎಂದು ನಿಂತುಬಿಡುತ್ತೇನೆ. ನೀವಾದರೂ ನಿಮ್ಮ ಕೆಲಸಕ್ಕೆ ತಿರುಗಿ ಹೋಗಿ. ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ.

ನಿಮ್ಮ
ಯಾಸ್ಮಿನ

ತಾ.ಕ.: ಇದು ಬೇರೆ ಹಾಳೆ, ಬೇಕೆಂದೇ ಬೇರೆ ಇಟ್ಟಿದ್ದೇನೆ. ಹಿರಿಯರಿಗೆ ಓದಿಸುವುದೂ ಬಿಡುವುದೂ ನಿಮ್ಮ ಇಷ್ಟ. ಮೇಲೆ ಬರೆದದ್ದರಲ್ಲಿ ನಿಮಗೆ ಗೊತ್ತಿಲ್ಲದ್ದು ಹೆಚ್ಚೇನೂ ಇರಲಿಲ್ಲ, ಇದು ಗೊತ್ತಿಲ್ಲ. ನೀವು ಊಟಕ್ಕೆ ಬಂದು ಕೇಳಿದ ಆ ದಿನದ ಮರುದಿನ ಹೀನಾ ಇಯರ್‌ಫೋನ್ ಅದಲುಬದಲು ಮಾಡಿ ಹಾಕಿಕೊಂಡಿದ್ದಳು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಯಾರೂ ಹೇಳಿಕೊಟ್ಟಿದ್ದಿಲ್ಲ, ನಿಮ್ಮ ಮಗಳಲ್ಲವೇ. ಓಡಿ ಬಂದು, “ಅಮ್ಮಿ, ಉಲ್ಟಾ ಹಾಕಿದ್ರ ಕೊಳಲ ಬಂತು, ತಂತಿ ಹೋತು! ಕಥಿ ಅಲ್ಲ ಇದು, ನನ್ನ ಈ ಕಿವೀನ ಬಂದ್ ಬಿದ್ದೈತಿ. ಅಬ್ಬಾಗ ಹೇಳ್ತೀನಿ” ಎಂದಳು. ನಗುತ್ತಿದ್ದಳು, ಏನೋ ರಿಪೇರಿ ಮಾಡಿ ಗೆದ್ದವಳ ಹಾಗೆ. ಅದು ನಿಜ ಎಂದು ನನಗೆ ಆಗಲೇ ತಿಳಿಯಿತು. ಆದರೆ ಹಿಂದಿನ ದಿನವಷ್ಟೇ ನಿಮ್ಮೆದುರು ದೊಡ್ಡ ಮಾತಾಡಿದ್ದೆ, ಮತ್ತೆ ನಗುತ್ತೀರಿ ಎಂದು ನಾಚಿಕೆಯಾಯಿತು. ನೆಗಡಿ ಇರಬೇಕು, ತಾನೇ ಹೋಗುತ್ತದೆ, ನಿಮ್ಮಬ್ಬಾಗ ಹೇಳಬೇಡ ಎಂದೆ. ಅವಳು ಹೇಳಲಿಲ್ಲ. ನಾನು ಬೇಡ ಎಂದದ್ದನ್ನು ಆ ಹುಡುಗಿ ಒಂದು ದಿನವೂ ಮಾಡಿದವಳಲ್ಲ.