ಏಳನೇ ಕುಳಿಯ ತಿರುವು

ರಾಯದುರ್ಗ, 1928ರ ಮಾಘ

ಅಪ್ಪಾ,

ನಿಮ್ಮ ಕಿರಿಮಗಳು ಶಂಕ್ರಮ್ಮ ನಮಸ್ಕರಿಸಿ ಬರೆಯುತ್ತಿದ್ದೇನೆ. ಮಡಕಶಿರದ ಚಳಿಗೆ ನಿಮ್ಮ ಮಂಡಿನೋವು ಹೇಗಿದೆಯೋ. ಈ ಕಾಗದವನ್ನು ನೀವೇ ಓದಿಕೊಳ್ಳಿ, ಅಕ್ಕನ ಕೈಗೂ ಕೊಡಬೇಡಿ.

ನೀವು ಮೇಸ್ತ್ರಿಯಾಗಿ ನಿಂತು ಮಾಡಿಸಿದ ಗಾಲ್ಫ್ ಮೈದಾನವನ್ನು ಹೊಸ ದೊರೆ ಮತ್ತೆ ಎಬ್ಬಿಸಿದ್ದಾನೆ. ಯುದ್ಧಕ್ಕೆಂದು ದೊರೆಗಳು ಹೋದಮೇಲೆ ಹದಿಮೂರು ವರ್ಷ ಅಲ್ಲಿ ಕುರಿ ಮೇಯುತ್ತಿದ್ದವು. ಕಚೇರಿಯಲ್ಲಿ ನಿಮ್ಮ ಕಾಲದ ನಕ್ಷೆ ಸಿಕ್ಕಿತಂತೆ. ಎಲ್ಲ ಅದರಂತೆಯೇ ಆಗಬೇಕೆಂದು ಅವನ ಹಟ. ಭಾನುವಾರ ನೋಡಲು ಹೋದೆ. ಜಾಲಿ ಕಡಿದು ಒಂಬತ್ತು ಕುಳಿಗಳಿಗೂ ಬಾವುಟ ನೆಟ್ಟಿದ್ದಾರೆ. ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಕಲಸಿದ ಮರಳು ಹಾಸಿಸುತ್ತಿದ್ದಿರಲ್ಲ, ಆ ವಾಸನೆ ಮೂಗಿಗೆ ಬಂದದ್ದೇ, ನೀವು ಕೆಲಸ ಮುಗಿಸಿ ಬಾಗಿಲಲ್ಲಿ ನಿಂತಂತಾಯಿತು.

ಏಳನೇ ಕುಳಿಯ ದಾರಿಯಲ್ಲಿ ಈಗಿನ ಮೇಸ್ತ್ರಿ ಉಚ್ಚಂಗೆಪ್ಪ ಆಳುಗಳ ಜೊತೆ ನಿಂತಿದ್ದ. ನಿಮ್ಮ ಮಗಳೆಂದು ಹೇಳಿಕೊಂಡೆ.

"ನಿಮ್ಮಪ್ಪಾರ ಕೆಲಸ ಗಟ್ಟಿ ಐತ್ರಿ. ಆದ್ರ ಇಲ್ಲಿ ದಾರಿ ಯಾಕ ಸೊಟ್ಟ ಮಾಡ್ಯಾರೋ ತಿಳೀವಲ್ದು. ಈ ಬೇವಿನ ಬುಡಕ್ಕ ಬಂಡೆ ಐತಂತ ನಕ್ಷಾದಾಗ ಬರದೈತಿ. ಮಗ್ಗುಲಾಗ ಹಾರೆ ಹಾಕಿ ನೋಡಿದ್ವಿ, ಬರೇ ಮಣ್ಣು. ಬಂಡೆ ಇಲ್ಲಾಂದ್ರ ಗಿಡ ಕಿತ್ತು ನೆಟ್ಟಗ ಮಾಡ್ರಿ ಅಂದಾರ ದೊರೆ," ಎಂದ.

ಅಲ್ಲಿ ಬಂಡೆ ಇಲ್ಲವೆಂದು ನನಗೆ ಗೊತ್ತಿತ್ತು ಅಪ್ಪಾ. ಕೊನೆಗಾಲದಲ್ಲಿ ಅವ್ವ ಹೇಳಿದ್ದಳು: "ನಿನ್ನ ಹಿಂದ ಹುಟ್ಟಿದ ಕೂಸು ಆ ಬೇವಿನ ಬುಡಕ್ಕ ಮಲಗೈತವ್ವ. ಅದು ಆಗ ಬೀಳು ಭೂಮಿ. ಆಗಿನ ದೊರೆ ಅಳತೀಗೆ ಹಗ್ಗ ಹಿಡಿದಾಗ ನಿಮ್ಮಪ್ಪ ಬಂಡೆ ಐತಂತ ಸುಳ್ಳು ಹೇಳಿ ಉಳಿಸಿದ. ನನ್ನ ಮುಂದ ಒಂದಿನಾನೂ ಆ ಮಾತು ಎತ್ತಲಿಲ್ಲ."

ನೀವು ಇಷ್ಟು ವರ್ಷ ಒಬ್ಬರೇ ಹೊತ್ತದ್ದನ್ನು ನಾನು ಹೊರಗೆ ಹಾಕಬಹುದೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಆಳೊಬ್ಬ ಗುದ್ದಲಿ ಎತ್ತಿದ. ಆಚೆ ಬಾವುಟದ ಹತ್ತಿರ ನಕ್ಷೆ ಹಿಡಿದು ನಿಂತಿದ್ದ ದೊರೆಯ ಬಳಿ ನೇರ ಹೋದೆ. ಅವನಿಗೆ ತೆಲುಗು ಬರುತ್ತದೆ. ಅಲ್ಲಿರುವುದು ಬಂಡೆಯಲ್ಲ, ನನ್ನ ತಮ್ಮ ಎಂದೆ. ಎಷ್ಟು ದಿನದ ಮಗು ಎಂದು ಕೇಳಿದ. ಹನ್ನೊಂದು ಎಂದೆ. ಅವನು ಉಚ್ಚಂಗೆಪ್ಪನಿಗೆ ಕೈಸನ್ನೆ ಮಾಡಿ ಕೆಲಸ ನಿಲ್ಲಿಸಿದ. ಜೇಬಿನಿಂದ ಪೆನ್ಸಿಲ್ ತೆಗೆದು, ನಕ್ಷೆಯಲ್ಲಿ ಮಾಸಿದ್ದ 'ಬಂಡೆ' ಎಂಬ ಬರಹದ ಮೇಲೆ ಮತ್ತೆ ದಪ್ಪಗೆ ಬರೆದ. ಆಮೇಲೆ ಮೆಲ್ಲಗೆ, "ಪೇರೇಮಿ?" ಎಂದ. ಹೆಸರು ಕೇಳಿದರೆ ನಾನೇನು ಹೇಳಲಿ? ನಾಮಕರಣದ ಹಿಂದಿನ ದಿನವೇ ಹೋದವನಲ್ಲವೇ ಅವನು.

ನಿಮ್ಮನ್ನು ಕೇಳದೆ ಬಾಯಿ ಬಿಟ್ಟೆ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ನೀವೂ ಅವ್ವನೂ ಯಾವುದೋ ಒಂದು ಹೆಸರು ಮಾತಾಡಿಕೊಂಡೇ ಇದ್ದಿರಬೇಕು. ಅದೊಂದನ್ನು ಬರೆದು ಕಳಿಸಿ. ಬೇವಿನ ಕೆಳಗೆ ಕೂತು ಅವನನ್ನು ಒಂದು ಸಲ ಕರೆಯುತ್ತೇನೆ.

ನನ್ನನ್ನೂ ನನ್ನ ತಮ್ಮನನ್ನೂ ಹರಸಿ.

ನಿಮ್ಮ ಮಗಳು,
ಶಂಕ್ರಮ್ಮ