ಎಷ್ಟು ಬಾಗಿಲು

ಮೈಸೂರು, ಸೋಮವಾರ

ಕುದೇರಿನ ನೀಲಕಂಠಸ್ವಾಮಿಯವರಿಗೆ ನಮಸ್ಕಾರ.

ನಾನು ಶಿವರಂಜಿನಿ, ನಿಮ್ಮ ಕೊಟ್ಟಿಗೆ ಕೆಲಸದ ಚಿಕ್ಕನಿಂಗಮ್ಮನ ಮಗಳು. ಅವ್ವ ನಿಮ್ಮನ್ನು ‘ಬುದ್ದಿ’ ಅನ್ನುತ್ತಾಳೆ. ನಾನು ಹೆಸರು ಬರೆದಿದ್ದೇನೆ, ತಪ್ಪು ತಿಳಿಯಬೇಡಿ.

ಇಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಈಗ ನಮಗೆ ಯುರೋಪಿನ ಹಳೆಯ ಅರಮನೆಗಳ ಪಾಠ. ಅಲ್ಲಿ ಒಂದು ಕೋಣೆ ದಾಟಿಯೇ ಇನ್ನೊಂದು ಕೋಣೆಗೆ ಹೋಗಬೇಕು. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿ, ಕೊನೆಗೆ ರಾಜ ಮಲಗುವ ಕೋಣೆ. ಯಾರು ಎಷ್ಟು ಬಾಗಿಲು ದಾಟಬಹುದೋ ಅಷ್ಟು ಅವರ ಅಂತಸ್ತು. “ಅಂಥ ಮನೆ ನಿಮ್ಮ ಊರ ಕಡೆ ಇದ್ದರೆ ನಕ್ಷೆ ಬರೆದು ತನ್ನಿ” ಎಂದರು ಮೇಷ್ಟ್ರು. ನನಗೆ ನಿಮ್ಮ ತೊಟ್ಟಿಮನೆ ನೆನಪಾಯಿತು.

ಜಗುಲಿ, ಕೊಟ್ಟಿಗೆ, ಹಿತ್ತಿಲು ಬರೆದೆ. ಹಾಳೆಯ ನಡುಭಾಗ ಖಾಲಿ ಉಳಿಯಿತು. ಅವ್ವನಿಗೆ ಫೋನ್ ಮಾಡಿದೆ. “ಮದ್ವೆಯಾಗಿ ಬಂದಾಗಿಂದ ನಾ ಕಂಡಿರಾದು ಜಗ್ಲಿ, ಕೊಟ್ಗ, ಇತ್ಲು ಅಷ್ಟೇ ಕಣಮ್ಮಿ. ಒಳಗ ಏನದೋ ನಂಗೇನ್ ಗೊತ್ತು?” ಅಂದಳು.

ಶನಿವಾರ ಊರಿಗೆ ಬರುತ್ತೇನೆ. ಒಳಗೆ ಅಳತೆ ತೆಗೆಯಲು ದಯವಿಟ್ಟು ಒಪ್ಪಿಗೆ ಕೊಡಿ. ದೇವರ ಕೋಣೆಯವರೆಗೂ ಅಳೆಯಬೇಕು. ಕಾಲು ತೊಳೆದೇ ಬರುತ್ತೇವೆ.

ಟೇಪು ಹಿಡಿಯಲು ಇಬ್ಬರು ಬೇಕು. ನಾನು ಹೊಸ್ತಿಲಲ್ಲೇ ನಿಲ್ಲುತ್ತೇನೆ. ಇನ್ನೊಂದು ತುದಿ ಹಿಡಿದು ಒಳಗೆ ಹೋಗುವವಳು ಅವ್ವ.

ನಿಮ್ಮ ಉತ್ತರಕ್ಕೆ ಕಾದಿರುವ,
ಚಿಕ್ಕನಿಂಗಮ್ಮನ ಮಗಳು
ಶಿವರಂಜಿನಿ